ಮಳೆ ಬೀಳಿಸಲಿಲ್ಲ, ನನ್ನ ಗುದ್ದಲಿ ಬೀಳಿಸಿತು

ಈ ಪತ್ರಿಕೆಯಲ್ಲಿ ಬೆಳೆ, ಗೊಬ್ಬರ, ಹಸುವಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಹೊರಟಿರುವುದು ಒಂದು ಗೋಡೆಯ ವಿಚಾರ. ಗೋಡೆ ನನ್ನದಲ್ಲ, ಪಕ್ಕದ ಮನೆಯದು. ಬೀಳಿಸಿದವನು ಮಾತ್ರ ನಾನು.

ನಮ್ಮದು ಕೆ.ಆರ್.ಪೇಟೆ ಮುಗಿದು ನಾಗಮಂಗಲ ಶುರುವಾಗುವ ಸೀಮೆ. ಎರಡು ಎಕರೆ ಖುಷ್ಕಿ, ಸ್ವಲ್ಪ ತೆಂಗು, ಎರಡು ಸೀಮೆ ಹಸು. 2022ರ ಮೇ ತಿಂಗಳಲ್ಲಿ ಹಳೇ ಕೊಟ್ಟಿಗೆ ಬಿಚ್ಚಿ ಹೊಸದು ಕಟ್ಟಲು ಹೊರಟೆ. ಆಗ ನಮ್ಮೂರಲ್ಲಿ ಆಳಿನ ಕೂಲಿ 600, ಗಾರೆ ಕೆಲಸದವನಿಗೆ 900 ರೂಪಾಯಿ. ಪಾಯ ತೆಗೆಯುವುದಕ್ಕೆಲ್ಲ ಆಳು ಯಾಕೆ, ನಾನೂ ಮಗನೂ ಇದ್ದೇವಲ್ಲ ಎಂದುಕೊಂಡೆವು. ಹೊಲದಲ್ಲಿ ದಿನಾ ಅಗೆಯುವವರಿಗೆ ಹಿತ್ತಲಲ್ಲಿ ಅಗೆಯುವುದು ಯಾವ ಲೆಕ್ಕ? ಮೂರು ಆಳು ನಾಲ್ಕು ದಿನ ಮಾಡುವ ಕೆಲಸವನ್ನು ನಾವಿಬ್ಬರೇ ಒಂದು ವಾರದಲ್ಲಿ ಮುಗಿಸಿದೆವು. ಏಳು ಸಾವಿರ ಚಿಲ್ಲರೆ ಉಳಿಯಿತು ಅಂತ ಹಿಗ್ಗಿದ್ದೂ ನಿಜ.

ಕೊಟ್ಟಿಗೆಯ ಒಂದು ಮಗ್ಗುಲಿಗೆ ಪಕ್ಕದ ಮನೆ ದೊಡ್ಡವ್ವನ ಅಡುಗೆಮನೆ. ರಕ್ತಸಂಬಂಧವಲ್ಲ, ಊರ ವರಸೆಯಲ್ಲಿ ದೊಡ್ಡವ್ವ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಬೆಂಗಳೂರಲ್ಲಿ ಗಾಡಿ ಓಡಿಸುತ್ತಾನೆ. ಆಕೆಯ ಅಡುಗೆಮನೆ ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಅದಕ್ಕೂ ನಮ್ಮ ಜಾಗಕ್ಕೂ ನಡುವೆ ಒಂದು ಅಡಿಯೂ ಇರಲಿಲ್ಲ. ನಮ್ಮ ಪಾಯವನ್ನು ಅದರ ಬುಡಕ್ಕೆ ಒತ್ತಿಯೇ, ಇಪ್ಪತ್ತು ಅಡಿ ಉದ್ದಕ್ಕೆ ಒಂದೇ ಸಲ, ಮೂರು ಅಡಿ ಆಳಕ್ಕೆ ತೆಗೆದೆವು. ತೆಗೆದಾಗ ಕಂಡಿತು, ದೊಡ್ಡವ್ವನ ಗೋಡೆಗೆ ಪಾಯ ಅಂತ ಇದ್ದದ್ದು ಒಂದೇ ಅಡಿ ಕಲ್ಲುಕಟ್ಟು. ಅದರ ಕೆಳಗೆ ಬರೀ ಕೆಮ್ಮಣ್ಣು. ನಾವು ಅದಕ್ಕಿಂತ ಎರಡು ಅಡಿ ಕೆಳಗೆ ಇಳಿದಿದ್ದೆವು. ಕಂಡ ಮೇಲಾದರೂ ನಿಲ್ಲಿಸಬೇಕಿತ್ತು. ಕಲ್ಲಿನ ಲೋಡು ನಾಳೆ ಬರುತ್ತದೆ, ನಾಳಿದ್ದು ತುಂಬಿಬಿಟ್ಟರೆ ಆಯಿತು ಎಂದು ಮಲಗಿದೆವು.

ಆ ರಾತ್ರಿ ಕೃತ್ತಿಕೆ ಮಳೆ ಹೊಯ್ಯಿತು. ಗುಂಡಿ ತುಂಬ ನೀರು. ಕೆಮ್ಮಣ್ಣಿನ ಗುಣ ನಮ್ಮ ಸೀಮೆಯವರಿಗೆಲ್ಲ ಗೊತ್ತು: ಒಣಗಿದ್ದಾಗ ಕಲ್ಲು, ನೆನೆದರೆ ಮುದ್ದೆ. ಬೆಳಗ್ಗೆ ಆರೂವರೆಗೆ ಗೋಡೆಯ ಬುಡದ ಮಣ್ಣು ಗುಂಡಿಯೊಳಕ್ಕೆ ಜಾರಿತು. ಹಿಂದೆಯೇ ಹನ್ನೆರಡು ಅಡಿ ಗೋಡೆ ಕುಸಿಯಿತು. ಎರಡು ಜಂತೆ ಜಾರಿ ಹೆಂಚೆಲ್ಲ ಒಲೆ ಮೇಲೆ ಬಿದ್ದವು. ದೊಡ್ಡವ್ವ ಆಗ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಹದಿನೈದು ನಿಮಿಷ ಹೆಚ್ಚುಕಮ್ಮಿ ಆಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಂದೊಂದು ರಾತ್ರಿ ಎಚ್ಚರವಾಗುತ್ತದೆ.

ಹಾಲಿನ ಕ್ಯಾನು ಹಿಡಿದು ಬಂದವಳು ನೋಡುತ್ತಾ ನಿಂತಳು. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಇದು:

‘ಹಳೇ ಗೋಡೆ ಕಣ್ ದೊಡ್ಡವ್ವ. ಇವತ್ತಲ್ಲ ನಾಳೆ ಬೀಳೋದೇ ಆಗಿತ್ತು.’

ಆಕೆ ಏನೂ ಅನ್ನಲಿಲ್ಲ. ಬಿಂದಿಗೆ ಎತ್ತಿಕೊಂಡು ಬೀದಿ ಬಾಗಿಲಿಗೆ ಹೋದಳು. ಮೂರು ಕಲ್ಲಿಟ್ಟು ಜಗಲಿ ಪಕ್ಕ ಒಲೆ ಹೂಡಿದಳು.

ಗೋಡೆ ಬಿದ್ದದ್ದು ಅಚಾತುರ್ಯ. ಆ ಮಾತು ಅಚಾತುರ್ಯವಲ್ಲ. ಇಷ್ಟು ಹೇಳುವುದಕ್ಕೇ ನಾನು ಈ ಲೇಖನ ಬರೆಯುತ್ತಿದ್ದೇನೆ. ನೆರೆಯವರಿಗೆ ನಷ್ಟ ಮಾಡಿದ ಎಷ್ಟೋ ಜನ ಮೊದಲು ಆಡುವುದು ಇದೇ ಮಾತು. ಹೆಂಚು ಹಳೇದು, ಪೈಪು ಹಳೇದು, ಮರ ಮೊದಲೇ ಒಣಗಿತ್ತು. ವಸ್ತು ಹಳೇದಾದರೆ ನಮ್ಮ ತಪ್ಪು ಅರ್ಧ ಕಮ್ಮಿಯಾಗುತ್ತದೆ ಎಂಬ ಲೆಕ್ಕಾಚಾರ. ಹಳೇ ಗೋಡೆಯ ಒಳಗೂ ಒಲೆ ಉರಿಯುತ್ತಿತ್ತಲ್ಲ. ಅದು ನಿಂತಿರುವಷ್ಟು ದಿನ ಆಕೆಗೆ ಅದು ಗೋಡೆಯೇ.

ಅವತ್ತು ಮಧ್ಯಾಹ್ನ ನನ್ನಾಕೆ ಮುದ್ದೆ, ಸಾರು ಕಳಿಸಿದಳು. ಸಂಜೆ ಪಾತ್ರೆ ವಾಪಸು ಬಂತು, ತೊಳೆದು ಬರಿದಾಗಿ. ನಮ್ಮ ಕಡೆ ಪಕ್ಕದ ಮನೆ ಪಾತ್ರೆಯನ್ನು ಬರಿದಾಗಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಉಪ್ಪೋ ಎರಡು ಹಸಿಮೆಣಸಿನಕಾಯೋ ಇರುತ್ತದೆ. ಪಾತ್ರೆ ನೋಡಿ ನನ್ನಾಕೆ, ‘ಓದ್ಯಾ ದೊಡ್ಡವ್ವ ಬರೆದಿರೋ ಕಾಗದವ?’ ಅಂದಳು.

ಮಳೆ ಪರಿಹಾರದ ಆಸೆ

ಮಾರನೇ ದಿನ ಅರಳಿಕಟ್ಟೆಯಲ್ಲಿ ಒಬ್ಬರು ಉಪಾಯ ಹೇಳಿಕೊಟ್ಟರು. ‘ರಾತ್ರಿ ಮಳೆ ಹುಯ್ದದೆ, ಬೆಳಗ್ಗೆ ಗ್ವಾಡೆ ಬಿದ್ದದೆ. ಮಳೆಗೆ ಬಿತ್ತು ಅಂತ ಒಂದು ಅರ್ಜಿ ಬರಿಸಿ ಫೋಟೋ ಹಾಕ್ಸು. ಪರಿಹಾರ ಬತ್ತದೆ. ನೀನೂ ಉಳ್ಕತೀಯ, ಮುದುಕೀಗೂ ಆಯ್ತದೆ.’ ಆ ವರ್ಷ ಮುಂಗಾರಿಗೆ ಮೊದಲೇ ರಾಜ್ಯದಲ್ಲೆಲ್ಲ ಮಳೆ ಜೋರಾಗಿತ್ತು, ಮನೆ ಬಿದ್ದ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿತ್ತು. ಅರ್ಜಿ ಹಾಕಿದರೆ ಅನುಮಾನ ಪಡುವವರು ಯಾರೂ ಇರಲಿಲ್ಲ.

ನಾನು ಒಪ್ಪಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಒಪ್ಪಿದ್ದಷ್ಟೇ ಅಲ್ಲ, ಎಷ್ಟು ಬರಬಹುದು ಅಂತಲೂ ವಿಚಾರಿಸಿದೆ. ಅರ್ಜಿಗೆ ದೊಡ್ಡವ್ವನ ಹೆಬ್ಬೆಟ್ಟು ಬೇಕಲ್ಲ, ಅದಕ್ಕೆ ಹೋದೆ. ಬಿದ್ದ ಮೇಲೆ ಆಕೆಯ ಬಾಗಿಲಿಗೆ ನಾನು ಹೋದದ್ದು ಅದೇ ಮೊದಲು. ವಿಷಯ ಕೇಳಿ ದೊಡ್ಡವ್ವ ಅಂದದ್ದು ಎರಡೇ ಮಾತು:

‘ಇಷ್ಟು ವರ್ಷ ಎಷ್ಟು ಮಳೆ ಬಂದ್ವಪ್ಪ? ಮಳೆ ಬೀಳಿಸ್ಲಿಲ್ಲ, ನಿನ್ ಗುದ್ದಲಿ ಬೀಳಿಸ್ತು.’

ಹಾಗೇ ಎದ್ದು ಬಂದೆ. ಆ ದುಡ್ಡು ಸರಕಾರದ್ದು, ಯಾರಪ್ಪನ ಗಂಟೂ ಅಲ್ಲ ಅನ್ನುವವರಿದ್ದಾರೆ. ಆದರೆ ನಿಜವಾಗಿ ಮಳೆಗೆ ಮನೆ ಕಳಕೊಂಡವರು ಇದೇ ತಾಲೂಕಿನಲ್ಲಿ ಪರಿಹಾರಕ್ಕಾಗಿ ಅಲೆಯುತ್ತಿರುತ್ತಾರೆ. ಅವರ ಸಾಲಿನಲ್ಲಿ ನಾವು ಸುಳ್ಳು ಹೇಳಿ ನಿಂತರೆ ಮುಂದಿನ ಸಲ ನಿಜ ಹೇಳುವವನನ್ನೂ ಯಾರೂ ನಂಬುವುದಿಲ್ಲ. ಅದೂ ಅಲ್ಲದೆ, ನಾನು ಮಾಡಿದ ತಪ್ಪಿಗೆ ಆಕೆ ಸುಳ್ಳು ಸಹಿ ಹಾಕಬೇಕಿತ್ತು. ಗೋಡೆ ಬೀಳಿಸಿದ್ದು ಸಾಲದು ಅಂತ.

ಮೂರನೇ ದಿನ ಬೆಂಗಳೂರಿನಿಂದ ಮಗ ಬಂದ. ಬಂದವನೇ ‘ಅಣ್ಣ, ಸ್ಟೇಷನ್ನಿಗೆ ಹೋಗಾದೋ, ಹೆಂಗೆ?’ ಅಂದ. ಅವನ ಕೋಪದಲ್ಲಿ ತಪ್ಪೇನೂ ಇರಲಿಲ್ಲ. ಮೂರು ದಿನದಿಂದ ಅವನ ತಾಯಿ ಬೀದಿಯಲ್ಲಿ ಅಡುಗೆ ಮಾಡುತ್ತಿದ್ದಳು. ನಾನು ಒಂದು ಪ್ಲಾಸ್ಟಿಕ್ ಟಾರ್ಪಾಲೂ ಹೊದಿಸಿ ಕೊಟ್ಟಿರಲಿಲ್ಲ.

ನ್ಯಾಯ ಸೇರಿಸುವುದು

ಊರಲ್ಲಿ ನಾಲ್ಕು ಜನ ಹಿರಿಯರನ್ನು ಸೇರಿಸಿದರೆ ಸಾಮಾನ್ಯವಾಗಿ ಆಗುವುದು ಇದು: ತಪ್ಪು ಮಾಡಿದವನಿಗೆ ಇಷ್ಟು ತಪ್ಪುಕಾಣಿಕೆ ಅಂತ ಹಾಕುತ್ತಾರೆ. ಅದು ದೇವಸ್ಥಾನದ ಹುಂಡಿಗೋ ಹಬ್ಬದ ಲೆಕ್ಕಕ್ಕೋ ಹೋಗುತ್ತದೆ. ತಪ್ಪಿತಸ್ಥ ಎಲ್ಲರ ಎದುರು ಕೈಮುಗಿಯುತ್ತಾನೆ. ನಷ್ಟವಾದವರಿಗೆ ಸಿಗುವುದು ಆ ಕೈಮುಗಿತ ಒಂದೇ. ಎಲ್ಲ ಊರಲ್ಲೂ ಹೀಗೇ ಅಂತ ನಾನು ಹೇಳುವುದಿಲ್ಲ, ಚೆನ್ನಾಗಿ ನ್ಯಾಯ ಮಾಡುವ ಹಿರಿಯರನ್ನೂ ಕಂಡಿದ್ದೇನೆ. ಆದರೆ ದೇವರಿಗೆ ಕೊಟ್ಟ ಕಾಣಿಕೆಯಿಂದ ದೊಡ್ಡವ್ವನ ಒಲೆಗೆ ಮರೆಯಾಗುವುದಿಲ್ಲ. ಹಿರಿಯರು ಬೇಕು. ಅವರು ಸಾಕ್ಷಿಗೆ ಮತ್ತು ಅಳತೆಗೆ ಬೇಕು, ದಂಡ ಹಾಕುವುದಕ್ಕಲ್ಲ.

ಇನ್ನೊಂದು ರೂಢಿ, ಹತ್ತೋ ಹದಿನೈದೋ ಸಾವಿರ ಕೈಗಿಟ್ಟು ‘ನೀವೇ ಕಟ್ಟಿಸ್ಕಳಿ’ ಅನ್ನುವುದು. ಕೊಟ್ಟವನಿಗೆ ಇದು ಸಲೀಸು, ಕೈತೊಳೆದ ಹಾಗೆ. ಒಂಟಿ ಹೆಂಗಸು, ವಯಸ್ಸಾದವರು, ಮಕ್ಕಳು ಪಟ್ಟಣದಲ್ಲಿರುವವರು ಆ ದುಡ್ಡು ಹಿಡಿದು ಯಾವ ಮೇಸ್ತ್ರಿಯನ್ನು ಹುಡುಕುತ್ತಾರೆ? ಕಲ್ಲು ಇಳಿಸುವವರು ಯಾರು, ನೀರು ಹೊಡೆಯುವವರು ಯಾರು? ದುಡ್ಡು ಆಸ್ಪತ್ರೆಗೋ ಸಾಲಕ್ಕೋ ಹೋಗುತ್ತದೆ, ಗೋಡೆ ಬಿದ್ದಲ್ಲೇ ಇರುತ್ತದೆ. ಆಮೇಲೆ ‘ಕೊಟ್ಟಿಲ್ವಾ ನಾನು?’ ಎನ್ನುವ ಜಗಳ ಬೇರೆ. ಬೀಳಿಸಿದವನೇ ನಿಂತು ಕಟ್ಟಿಸಿಕೊಡುವುದು ಸರಿ ಎಂಬುದು ನನ್ನ ಅಭಿಪ್ರಾಯ. ನೆರೆಯವರೇ ದುಡ್ಡು ಬೇಕೆಂದು ಕೇಳಿದರೆ ಅದು ಬೇರೆ ಮಾತು.

ನಮ್ಮ ವಿಷಯದಲ್ಲಿ ಕಗ್ಗಂಟಾಗಿದ್ದು ಇದು: ಬಿದ್ದದ್ದು ಮಣ್ಣಿನ ಗೋಡೆ, ಮಗ ಕೇಳಿದ್ದು ಸಿಮೆಂಟ್ ಬ್ಲಾಕಿನ ಗೋಡೆ. ಮಣ್ಣಿಗೆ ಮಣ್ಣೇ ಕೊಡುತ್ತೇನೆ ಅಂತ ನಾನು. ಎರಡು ದಿನ ಎಳೆದಾಡಿದೆವು. ಕೊನೆಗೆ ಇಬ್ಬರೂ ಸೇರಿಯೇ ಮಣ್ಣಿನ ಗೋಡೆ ಹಾಕುವವರನ್ನು ಹುಡುಕಿದೆವು. ನಮ್ಮ ಸುತ್ತಿನ ಐದಾರು ಹಳ್ಳಿಯಲ್ಲಿ ಒಬ್ಬರೂ ಸಿಗಲಿಲ್ಲ. ಬಲ್ಲವರಿಗೆ ವಯಸ್ಸಾಗಿತ್ತು, ಮಕ್ಕಳು ಕಲಿತಿರಲಿಲ್ಲ. ಹಾಗಾದ ಮೇಲೆ ಮಣ್ಣಿಗೆ ಮಣ್ಣು ಎನ್ನುವುದು ಕೊಡದಿರುವುದಕ್ಕೆ ನೆಪ ಅಷ್ಟೆ. ಹಳೇದಕ್ಕೆ ಇಂದು ಏನು ಕಟ್ಟಲು ಸಾಧ್ಯವೋ ಅದನ್ನು ಕಟ್ಟಬೇಕು. ಹಳೆಯ ಎತ್ತರದವರೆಗೆ ಬ್ಲಾಕಿನ ಗೋಡೆ ಮತ್ತು ಪಾಯ ನನ್ನ ಖರ್ಚು, ಅದಕ್ಕಿಂತ ಎರಡು ವರಸೆ ಎತ್ತರಿಸಿದ್ದು ಹಾಗೂ ಒಳಗಿನ ಗಿಲಾವು ಅವರ ಖರ್ಚು ಅಂತ ಆಯಿತು. ಮಗನೂ ಒಪ್ಪಿದ. ಇಬ್ಬರು ಹಿರಿಯರ ಎದುರು ಬಿಳಿ ಹಾಳೆ ಮೇಲೆ ಬರೆದು ಎರಡು ಪ್ರತಿ ಮಾಡಿದೆವು. ಗೋಡೆ ಉದ್ದ, ಎತ್ತರ, ಯಾವ ದಿನಕ್ಕೆ ಮುಗಿಯಬೇಕು, ಅಲ್ಲಿಯವರೆಗೆ ಅಡುಗೆಗೆ ಎಲ್ಲಿ ವ್ಯವಸ್ಥೆ ಎಲ್ಲವನ್ನೂ ಬರೆದೆವು. ಇಷ್ಟು ಚಿಕ್ಕ ವಿಷಯಕ್ಕೆ ಕಾಗದ ಯಾಕೆ ಅಂತ ಕಟ್ಟೆಯವರು ನಕ್ಕರು. ನಂಬಿಕೆ ಇಲ್ಲದ್ದಕ್ಕೆ ಬರೆದದ್ದಲ್ಲ, ಮೂರು ತಿಂಗಳಾದ ಮೇಲೆ ಇಬ್ಬರಿಗೂ ಒಂದೇ ರೀತಿ ನೆನಪಿರಲಿ ಅಂತ ಬರೆದದ್ದು.

ನನಗೆ ಖರ್ಚಾದದ್ದು 33,400 ರೂಪಾಯಿ. 110 ಬ್ಲಾಕು, ಸೈಜುಗಲ್ಲು, ಸಿಮೆಂಟು, ಎಂ-ಸ್ಯಾಂಡು, ಗಾರೆಯವರ ಕೂಲಿ ಎಲ್ಲ ಸೇರಿ. ಆಳಿನ ಕೆಲಸ ನಾನೂ ಮಗನೂ ಮಾಡಿದೆವು. ಏಳು ಸಾವಿರ ಉಳಿಸಲು ಹೋದವನ ಲೆಕ್ಕ ಇದು.

ಲೆಕ್ಕಕ್ಕೆ ಬಾರದ್ದು ಇನ್ನೂ ಇತ್ತು. ಗೋಡೆ ಪಕ್ಕದ ಎರಡು ಮೂಟೆ ರಾಗಿ ನೆನೆದು ಮುಗ್ಗಿತ್ತು. ಅದನ್ನು ದೊಡ್ಡವ್ವ ಕೇಳಲಿಲ್ಲ, ನಾನು ನೋಡಲೂ ಇಲ್ಲ. ನೋಡಿದವಳು ನನ್ನಾಕೆ. ನಮ್ಮ ಮನೆಯ ರಾಗಿ ಒಂದು ಕ್ವಿಂಟಾಲು ಅಳೆದು ಹಾಕಿದೆವು. ಗೋಡೆ ಬಿದ್ದರೆ ಗೋಡೆಯನ್ನಷ್ಟೇ ನೋಡಬಾರದು. ಒಳಗೆ ಏನಿತ್ತು, ಎಷ್ಟು ದಿನ ಕೆಲಸ ಕೆಟ್ಟಿತು ಅನ್ನುವುದನ್ನು ಬೀಳಿಸಿದವನೇ ಕೇಳಬೇಕು.

ಹೆಂಚಿನದು ಇನ್ನೊಂದು ಫಜೀತಿ. ಹತ್ತಿರ ಹತ್ತಿರ ಎಪ್ಪತ್ತು ಒಡೆದಿದ್ದವು. ಮಂಗಳೂರು ಹೆಂಚೆಂದರೆ ಎಲ್ಲ ಒಂದೇ ಅಲ್ಲ. ಒಂದು ಕಾರ್ಖಾನೆಯ ಅಚ್ಚು ಇನ್ನೊಂದರದ್ದಕ್ಕೆ ಕೂರುವುದಿಲ್ಲ. ಹೊಸದನ್ನು ಹಳೇದರ ನಡುವೆ ಸೇರಿಸಿದರೆ ಸಂದಿಯಲ್ಲಿ ಸೋರುತ್ತದೆ. ಹೊಸದು ತಂದರೆ ಆ ಮಗ್ಗುಲನ್ನೇ ಪೂರ್ತಿ ಬದಲಿಸಬೇಕು, 100 ಚದರಡಿಗೆ ಸುಮಾರು 150 ಹೆಂಚು ಬೇಕು. ಎಲ್ಲಿಂದ ತರುವುದು ಅಂತ ಕೂತಿದ್ದಾಗ ದೊಡ್ಡವ್ವನೇ ಅಂದಳು: ‘ನಿಮ್ ಕೊಟ್ಟಿಗೆ ಬಿಚ್ಚಿದ ಹೆಂಚು ನೋಡು. ನಿಮ್ ತಾತ, ನಮ್ ಮಾವ ಇಬ್ರೂ ಒಂದೇ ಗಾಡೀಲಿ ಏರ್ಕಂಡು ಬಂದಿದ್ದು.’ ತಿರುಗಿಸಿ ನೋಡಿದರೆ ಅದೇ ಅಚ್ಚು. ನಮ್ಮ ಕೊಟ್ಟಿಗೆಯ ಹೆಂಚು ಆಕೆಯ ಮಾಡಿಗೇರಿತು. ಗೋಡೆ ಬಿದ್ದ ಮೇಲೆ ಆಕೆ ತಾನಾಗಿ ನನ್ನ ಹತ್ತಿರ ಮಾತಾಡಿದ್ದು ಅವತ್ತೇ.

ಅಗೆಯುವ ಮೊದಲು

ಇದೆಲ್ಲ ಆದ ಮೇಲೆ ಅನುಭವಸ್ಥ ಮೇಸ್ತ್ರಿಯೊಬ್ಬರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ನೆರೆಯವರ ಗೋಡೆಯ ಪಾಯ ಎಷ್ಟು ಆಳ ಇದೆ ಎಂದು ಮೊದಲು ಒಂದು ಮೂಲೆಯಲ್ಲಿ ಮೊಳಗುಂಡಿ ತೆಗೆದು ನೋಡಬೇಕು. ಅದಕ್ಕಿಂತ ಎಷ್ಟು ಅಡಿ ಕೆಳಗೆ ಇಳಿಯುತ್ತೇವೋ ಕೊನೇ ಪಕ್ಷ ಅಷ್ಟು ಅಡಿ ದೂರ ಬಿಟ್ಟು ಅಗೆಯುವುದು ಒಳ್ಳೆಯದು. ಜಾಗ ಇಲ್ಲದಿದ್ದರೆ ಇಡೀ ಉದ್ದ ಒಟ್ಟಿಗೆ ತೆಗೆಯಕೂಡದು. ಮೂರು ನಾಲ್ಕು ಅಡಿ ತೆಗೆದು, ಕಲ್ಲು ಕಟ್ಟಿ, ಮಣ್ಣು ಗಿಡಿದು, ಆಮೇಲೆ ಸ್ವಲ್ಪ ಬಿಟ್ಟು ಮುಂದಿನ ತುಂಡು. ಗೋಡೆಗೆ ಸರ್ವೆ ಗಳ ಆನಿಸಿರಬೇಕು. ರಾತ್ರಿ ಗುಂಡಿ ಬಾಯಿ ತೆರೆದಿರಬಾರದು. ಮಳೆ ಮೋಡ ಕಂಡರೆ ಸುತ್ತ ಬದು ಹಾಕಿ ನೀರು ಆಚೆ ತಿರುಗಿಸಬೇಕು. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲೆ ಬಯಲಿನವರಿಗೆ ಇನ್ನೊಂದು ತೊಂದರೆ. ನಾಲೆಯಲ್ಲಿ ನೀರು ಹರಿಯುವಾಗ ಕೆಲವು ಊರಲ್ಲಿ ಎರಡು ಮೂರು ಅಡಿಗೇ ಜವುಳು ಕಾಣುತ್ತದೆ. ಅಲ್ಲಿ ಮಳೆಯೇ ಬೇಕಿಲ್ಲ, ನಾಲೆ ನಿಂತ ಮೇಲೆ ಅಗೆಯುವುದು ವಾಸಿ.

ಎಲ್ಲಕ್ಕಿಂತ ಮೊದಲು ನೆರೆಯವರನ್ನು ಕರೆದು ಅವರ ಗೋಡೆಯನ್ನು ಇಬ್ಬರೂ ಸೇರಿ ನೋಡಬೇಕು. ಮೊದಲೇ ಇರುವ ಬಿರುಕುಗಳ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳುವುದು. ಬಿರುಕಿನ ಮೇಲೆ ಅಡ್ಡಲಾಗಿ ಪೇಪರಿನ ಪಟ್ಟಿ ಅಂಟಿಸಿ ತಾರೀಕು ಬರೆಯುವುದು. ಕೆಲಸ ನಡೆಯುವಾಗ ಪಟ್ಟಿ ಹರಿದರೆ ಬಿರುಕು ಬೆಳೆಯುತ್ತಿದೆ ಎಂದರ್ಥ, ಕೂಡಲೇ ನಿಲ್ಲಿಸಬೇಕು. ಗಟ್ಟಿಯಾಗಿದ್ದರೆ ‘ನಿನ್ನಿಂದಲೇ ಬಿಟ್ಟಿದ್ದು’ ಅನ್ನುವ ಮಾತಿಗೆ ಜಾಗವಿಲ್ಲ.

ಇದು ಅತಿಯಾಯಿತು ಅನ್ನಿಸಿದರೆ ಬೇಬಿ ಬೆಟ್ಟದ ಕಥೆ ನೆನೆಸಿಕೊಳ್ಳಿ. ಪಾಂಡವಪುರ ತಾಲೂಕಿನ ಆ ಬೆಟ್ಟದಲ್ಲಿ ಕಲ್ಲು ಸಿಡಿಸುವಾಗ ಮನೆ ಗೋಡೆ ಬಿರುಕು ಬಿಡುತ್ತದೆ ಅಂತ ಸುತ್ತಲ ಹಳ್ಳಿಯವರು ವರ್ಷಗಟ್ಟಲೆ ದೂರಿದರು. ಬಿರುಕು ಹಳೇದೋ ಹೊಸದೋ, ಸಿಡಿತದ್ದೋ ಅಲ್ಲವೋ ಎಂದು ಬಡವರು ಹೇಗೆ ತೋರಿಸಬೇಕು? 2018ರ ಸೆಪ್ಟೆಂಬರಿನಲ್ಲಿ ಭಾರೀ ಸದ್ದು ಕೇಳಿಬಂದಾಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರದಲ್ಲಿ ಅದು ದಾಖಲಾಯಿತು. ಆಮೇಲೆ ಎಲ್ಲರ ಚಿಂತೆ ಕನ್ನಂಬಾಡಿ ಕಟ್ಟೆಯ ಮೇಲೆ ಹೋಯಿತು. 2024ರ ಜನವರಿಯಲ್ಲಿ ಹೈಕೋರ್ಟು, 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯಂತೆ ಅಧ್ಯಯನ ಮುಗಿಯುವವರೆಗೆ ಕಟ್ಟೆಯಿಂದ 20 ಕಿಲೋಮೀಟರ್ ದೂರದವರೆಗೆ ಗಣಿಗಾರಿಕೆ ಕೂಡದೆಂದು ಆದೇಶ ಮಾಡಿತು. ಕಟ್ಟೆಗೆ ಅಳೆಯುವ ಯಂತ್ರ ಇತ್ತು. ಗುಡಿಸಲ ಗೋಡೆಗೆ ಯಾವ ಯಂತ್ರವೂ ಇಲ್ಲ. ನಮ್ಮ ಮಟ್ಟದಲ್ಲಿ ನಮಗೆ ಇರುವ ಯಂತ್ರವೆಂದರೆ ಆ ಪೇಪರಿನ ಪಟ್ಟಿಯೇ.

ಶ್ರೀರಂಗಪಟ್ಟಣದ ಕೋಟೆಯೊಳಗಿನವರದ್ದು ಬೇರೆ ಪಾಡು. ಅವರಲ್ಲಿ ಎಷ್ಟೋ ಜನಕ್ಕೆ ಸ್ಮಾರಕವೇ ನೆರೆಮನೆ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು, ಹಳೇ ಮನೆಯ ದುರಸ್ತಿಗೂ ಅನುಮತಿ ಬೇಕು. 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹೀಗೆ. ಮೈಸೂರು ರೈಲಿನ ಜೋಡಿಹಳಿಗೆ ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಅಡ್ಡ ಬಂದಾಗ ಅದನ್ನು ಒಡೆಯಲಿಲ್ಲ, 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಸುಮಾರು 130 ಮೀಟರ್ ಆಚೆ ಕೂರಿಸಿದರು. ಹೊಟ್ಟೆಕಿಚ್ಚಲ್ಲ, ದೊಡ್ಡವ್ವನ ಗೋಡೆಗೆ ಅದರ ನೂರರಲ್ಲೊಂದು ಪಾಲು ಜೋಪಾನ ನಾನು ಮಾಡಿದ್ದಿದ್ದರೆ ಅಂತ ಅನ್ನಿಸುತ್ತದೆ.

ಗೋಡೆ ಮಾತ್ರವಲ್ಲ. ಹಿತ್ತಲ ತೆಂಗಿನ ಮರವನ್ನು ಹಗ್ಗ ಕಟ್ಟದೆ ಕಡಿದು ಪಕ್ಕದವರ ಶೀಟಿನ ಮೇಲೆ ಕೆಡವುವುದು, ಗೇಟಿಗೆ ವೆಲ್ಡಿಂಗ್ ಮಾಡಿಸುವಾಗ ಕಿಡಿ ಹಾರಿ ಹುಲ್ಲಿನ ಮೆದೆ ಸುಡುವುದು, ಜೆಸಿಬಿಯವನು ಅವಸರದಲ್ಲಿ ಪಕ್ಕದವರ ನೀರಿನ ಪೈಪು ಕೀಳುವುದು, ಬಚ್ಚಲ ಗುಂಡಿಯನ್ನು ಅವರ ಬಾವಿಗೆ ಹತ್ತಿರವೇ ತೆಗೆಯುವುದು, ಇವೆಲ್ಲ ಊರೂರಲ್ಲಿ ಆಗುತ್ತಲೇ ಇರುತ್ತವೆ. ಜೆಸಿಬಿ ಬಾಡಿಗೆಯದು, ಓಡಿಸಿದವನು ಯಾರೋ, ಆದ್ದರಿಂದ ತಪ್ಪು ನನ್ನದಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕರೆಸಿದವನು ನೀನು, ಪೈಪು ಎಲ್ಲಿದೆ ಅಂತ ಹೇಳಬೇಕಾದವನೂ ನೀನು. ಡ್ರೈವರ್ ಹತ್ತಿರ ಆಮೇಲೆ ಲೆಕ್ಕ ಮಾಡಿಕೋ. ಸಂಜೆ ಒಳಗೆ ಪಕ್ಕದವರ ಹಸುವಿಗೆ ನೀರು ಹೋಗಬೇಕು.

ಪೊಲೀಸು, ಕೋರ್ಟು

ಮಗ ಸ್ಟೇಷನ್ನಿನ ಮಾತೆತ್ತಿದ್ದರಿಂದ ಕಾಯಿದೆ ಏನೆಂದು ತಿಳಿದುಕೊಂಡೆ. ಬೇಕೆಂದು, ಅಥವಾ ಹೀಗಾಗುತ್ತದೆ ಅಂತ ಗೊತ್ತಿದ್ದೂ ನಷ್ಟ ಮಾಡಿದರೆ ಅದು ಅಪರಾಧ. ಬರೀ ಅಚಾತುರ್ಯದ ನಷ್ಟ ಅದರಲ್ಲಿ ಬರುವುದಿಲ್ಲ. ಆದರೆ ಕಟ್ಟಡ ಕೆಡವುವಾಗ, ಕಟ್ಟುವಾಗ, ರಿಪೇರಿ ಮಾಡುವಾಗ ಅದು ಬಿದ್ದು ಜನರ ಪ್ರಾಣಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಸಜೆಯೋ ದಂಡವೋ ಉಂಟು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 290ನೇ ಕಲಮು, ಹಳೇ ಐಪಿಸಿಯಲ್ಲೂ ಇತ್ತು. ಹದಿನೈದು ನಿಮಿಷದ ಮಾತು ಆಗಲೇ ಹೇಳಿದೆನಲ್ಲ. ಅಪರಾಧ ಆಗಲಿ ಬಿಡಲಿ, ನಷ್ಟ ತುಂಬಿಕೊಡುವ ಹೊಣೆ ಸಿವಿಲ್ ದಾವೆಯಲ್ಲಿ ಇದ್ದೇ ಇದೆ. ‘ನನ್ನ ಜಾಗದಲ್ಲಿ ನಾನು ಅಗೆದೆ’ ಎನ್ನುವ ವಾದವೂ ಪೂರ್ತಿ ನಿಲ್ಲುವುದಿಲ್ಲ. ಅನುಭೋಗದ ಹಕ್ಕಿನ 1882ರ ಕಾಯಿದೆಯ ಪ್ರಕಾರ, ಪಕ್ಕದ ಜಾಗದ ಮಣ್ಣಿನ ಆಸರೆಯಲ್ಲಿ ಇಪ್ಪತ್ತು ವರ್ಷ ತಂಟೆತಕರಾರಿಲ್ಲದೆ ನಿಂತ ಕಟ್ಟಡಕ್ಕೆ ಆ ಆಸರೆ ಹಕ್ಕಾಗಿಬಿಡುತ್ತದೆ. ಅಂದರೆ ನಾನು ಯಾವುದನ್ನು ‘ಹಳೇದು’ ಅಂತ ಹೀಗಳೆದೆನೋ ಅದೇ ಹಳತನ ಕಾಯಿದೆಯಲ್ಲಿ ದೊಡ್ಡವ್ವನ ಬಲ.

ಕೂತು ಬಗೆಹರಿಯದಿದ್ದರೆ ನೇರ ಕೋರ್ಟಿಗೆ ಹೋಗುವ ಮುಂಚೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಕೋರ್ಟಿನ ಆವರಣದಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಲೋಕ ಅದಾಲತಿನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲಿಲ್ಲ. ಒಂದು ಗೋಡೆಗಾಗಿ ಐದಾರು ವರ್ಷ ವಾಯಿದೆಗೆ ಅಲೆದು, ಗೋಡೆಯ ಬೆಲೆಗಿಂತ ಬಸ್ ಚಾರ್ಜಿಗೇ ಹೆಚ್ಚು ಕಳೆದವರನ್ನು ನಾನು ಬಲ್ಲೆ. ಅಷ್ಟು ವರ್ಷವೂ ಅವರ ಹಸು ಒಂದೇ ಓಣಿಯಲ್ಲಿ ಓಡಾಡಬೇಕು, ಬೋರಿನ ನೀರು ಒಂದೇ ಕರೆಂಟಿನ ಸರದಿಯಲ್ಲಿ ಬರಬೇಕು.

ಗೋಡೆ ಮುಗಿದ ಮೇಲೆ ಎರಡೂ ಮನೆಯ ಸೂರು ನೀರಿಗೆ ನಡುವೆ ಒಂದು ಅಡಿ ಜಾಗ ಬಿಟ್ಟು ಚರಂಡಿ ಮಾಡಿದ್ದೇವೆ. ಆ ಒಂದಡಿ ನನ್ನ ಕೊಟ್ಟಿಗೆಯಿಂದ ಹೋಯಿತು. ಈ ಸಲ ಬೇಸಿಗೆಯಲ್ಲಿ ಪಾಯಿಖಾನೆ ಗುಂಡಿ ತೆಗೆಯಬೇಕು. ದೊಡ್ಡವ್ವನ ಮನೆಯ ಉಳಿದ ಮಣ್ಣಿನ ಗೋಡೆಯಲ್ಲಿ ಎರಡು ಹಳೇ ಬಿರುಕಿವೆ. ಹೋದ ವಾರ ಆಕೆಯನ್ನು ಕರೆದು ತೋರಿಸಿ ಪೇಪರು ಅಂಟಿಸಿದೆ. ‘ಇದೇನ್ಲಾ, ಗ್ವಾಡೆಗೆ ಪಟ್ಟಿ ಕಟ್ತೀಯ’ ಅಂತ ನಕ್ಕಳು. ಆ ಬಿರುಕಿಗೆ ಸಿಮೆಂಟು ಮೆತ್ತಿದರೆ ನಿಲ್ಲುವುದಿಲ್ಲ, ಮಣ್ಣಿಗೆ ಮಣ್ಣೇ ಆಗಬೇಕು ಅಂತ ಮೇಸ್ತ್ರಿ ಹೇಳಿದ್ದಾರೆ. ನಾಲ್ಕು ತಾಲೂಕಿನ ಓದುಗರಲ್ಲಿ ಯಾರಿಗಾದರೂ ಹಳೇ ಮಣ್ಣಿನ ಗೋಡೆ ರಿಪೇರಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಕೂಲಿ ಕೊಟ್ಟೇ ಕರೆಸುತ್ತೇನೆ, ಮಳೆ ಹಿಡಿಯುವ ಮುಂಚೆ ಆಗಬೇಕು.